ಪಂಖದ ಮೇಲಿನ ಕುಂಕುಮ

ಬುಧವಾರ ಬೆಳಿಗ್ಗೆ, ಕೆಂಚನಗುಡ್ಡದ ದಾರಿಯ ಕೊಯ್ಲಾದ ಗದ್ದೆಯಲ್ಲಿ, ರೇಡಿಯೋ ರಿಪೇರಿಯ ಗಾಳೆಪ್ಪನ ಕುತ್ತಿಗೆ ಕೊಯ್ದು ಹಾಕಿದರು. ಠಾಣೆಯ ಪುಸ್ತಕದಲ್ಲಿ ಅದನ್ನು ವಿಮಾನ ಅಪಘಾತ ಎಂದು ಬರೆದರು.

ಆ ವಿಮಾನ ಈಗ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ, ಕದ್ದ ಸೈಕಲ್ಲು, ಕಳ್ಳಬಟ್ಟಿಯ ಕೊಡಗಳ ನಡುವೆ ಮಲಗಿತ್ತು. ಐದಡಿ ರೆಕ್ಕೆ. ಬಿದಿರಿನ ಸೀಳು, ಬಾಸಿಂಗ ಕಟ್ಟುವ ಬೆಂಡು, ಮೇಲೆ ಗಾಳಿಪಟದ ಕಾಗದ. ಆ ಕಾಗದಕ್ಕೆ, ಟೆಂಟ್ ಸಿನಿಮಾದವರು ಎಸೆದ ಹರಕು ರೀಲುಗಳನ್ನು ಅಸಿಟೋನಿನಲ್ಲಿ ಕರಗಿಸಿ ಬಳಿದ ಲೇಪ. ಮೂತಿಯಲ್ಲಿ ಮುಷ್ಟಿಯಷ್ಟು ಎಂಜಿನ್ನು, ಅದರ ಮುಂದೆ ತೇಗದ ಕಟ್ಟಿಗೆ ಕೆತ್ತಿ ಮಾಡಿದ ಗೇಣುದ್ದದ ಪಂಖ. ನೆಲದಲ್ಲಿ ನಿಂತು ಪೆಟ್ಟಿಗೆಯ ಗುಂಡಿ ಒತ್ತಿದರೆ ಆಕಾಶದಲ್ಲಿ ಬಾಲ ತಿರುಗಿಸುತ್ತಿದ್ದ ಹಕ್ಕಿ ಅದು.

ಹೆಡ್ ಕಾನ್‌ಸ್ಟೇಬಲ್ ಮಾರೆಣ್ಣ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ನಿನ್ನೆ ಕೊಟ್ಟೂರಪ್ಪ ಗೌಡನ ಅಕ್ಕಿ ಗಿರಣಿಯ ಹಿಂದೆ ನಿಂತು ಎರಡು ಪ್ರಶ್ನೆ ಕೇಳಿದ್ದ. ಉತ್ತರವಾಗಿ ಸಿಕ್ಕಿದ್ದು ಎಡ ಹುಬ್ಬಿಗೆ ಆರು ಹೊಲಿಗೆ. ಒಂದು ಹಲ್ಲು ಗಿರಣಿಯ ತೌಡಿನ ರಾಶಿಯಲ್ಲೇ ಉಳಿದಿತ್ತು. ನಾಲಿಗೆ ಆ ಖಾಲಿ ಜಾಗವನ್ನು ಹುಡುಕಿ ಹುಡುಕಿ ಹೋಗುತ್ತಿತ್ತು.

ಪಂಖದ ಒಂದು ತುದಿಗೆ ರಕ್ತ ಹತ್ತಿತ್ತು. ಮೂರನೆಯ ದಿನ, ಕರಿಬೆಲ್ಲದ ಹಾಗೆ ಕಪ್ಪಾಗಿ ಒಣಗಿತ್ತು. ಆದರೆ ಪಂಖದ ನಡುಮಧ್ಯೆ, ಬಿಗಿದ ನಟ್ಟಿನ ಪಕ್ಕದಲ್ಲಿ, ಇನ್ನೊಂದು ಬೊಟ್ಟು. ಅದೂ ಕೆಂಪು. ನೋಡಿದವರೆಲ್ಲ ಅದನ್ನೂ ರಕ್ತವೆಂದೇ ಬಗೆದಿದ್ದರು.

ಮಾರೆಣ್ಣ ತುಸುವೇ ಉಗುರು ಮುಟ್ಟಿಸಿದ. ಉಗುರಿಗೆ ಕೆಂಪು ಪುಡಿ. ಮೂಗಿನ ಹತ್ತಿರ ಹಿಡಿದ. ಅರಿಶಿನ, ಸುಣ್ಣ. ಕುಂಕುಮ.

ಸತ್ತವನ ರಕ್ತ ಕಪ್ಪಾಗಿತ್ತು. ಈ ಬೊಟ್ಟು ಮಾತ್ರ ನಿನ್ನೆ ಇಟ್ಟ ಹಾಗೆ ಕೆಂಪಗಿತ್ತು.

"ಏನಯ್ಯಾ ಮಾರೆಣ್ಣ, ಆಟದ ಸಾಮಾನು ನೋಡ್ಕೊಂಡು ಕೂತ್ಬಿಟ್ಯಾ?"

ಬಾಗಿಲಲ್ಲಿ ಸಬ್ ಇನ್‌ಸ್ಪೆಕ್ಟರ್ ನಿಂತಿದ್ದ. ಗಂಜಿ ಹಾಕಿದ ಇಸ್ತ್ರಿಯ ಮಡಿಕೆ ಇನ್ನೂ ಮುರಿಯದ ಹೊಸ ಖಾಕಿ ಅಂಗಿ. ತಿಂಗಳ ನಡುವೆ ಹೊಸ ಅಂಗಿ ಹೊಲಿಸಿದ್ದಾರಲ್ಲ ಎಂದುಕೊಂಡ ಮಾರೆಣ್ಣ ಎದ್ದು ಸಲಾಮು ಹೊಡೆದ.

"ಸಾಹೇಬ್ರ, ಸ್ಥಳದ ಮಹಜರು ಇನ್ನೊಮ್ಮಿ ಮಾಡಬೇಕ್ರಿ. ಇದನ್ನ ಒಂದು ತಾಸು ತಗಂಡು ಹೋಗ್ತೀನಿ."

"ಯಾಕೆ? ವಿಮಾನ ಬಿತ್ತು, ಫ್ಯಾನು ಕುತ್ತಿಗೆ ಕುಯ್ತು, ಅವನು ಸತ್ತ. ಮುಗೀತು. ಐದು ಗಂಟೆಗೆ ಕಾಗದ ಬಳ್ಳಾರಿಗೆ ಹೋಗುತ್ತೆ. ಅದರಲ್ಲಿ ನಿನ್ನ ರುಜು ಇರಬೇಕು." ಅವನು ದನಿ ತಗ್ಗಿಸಿದ. "ನಿನಗೂ ಹೆಂಡ್ತಿ ಮಕ್ಕಳು ಇದ್ದಾರೆ."

"ಐದರೊಳಗ ಬರ್ತೀನ್ರಿ."

ಮಾರೆಣ್ಣ ರಬ್ಬರ್ ಪಟ್ಟಿ ಬಿಚ್ಚಿ ರೆಕ್ಕೆ ಬೇರೆ ಮಾಡಿದ. ಎಲ್ಲವನ್ನೂ ಹಳೆಯ ಧೋತರದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿದ. ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಐದು ದಾಟಿದರೆ ಗಾಳೆಪ್ಪ ತನ್ನ ವಿಮಾನದಿಂದಲೇ ಸತ್ತವನು. ಕೊಂದವರಿಗೆ ಆಮೇಲೆ ಯಾವ ಭಯವೂ ಇಲ್ಲ.

*

ಕಾಲುವೆ ಬದಿಯ ಕೇರಿಯಲ್ಲಿ ಹಗಲಲ್ಲೇ ಬಾಗಿಲು ಹಾಕಿದ್ದವು. ಎರಡು ಗುಡಿಸಲು ಸುಟ್ಟು ಬೂದಿಯಾಗಿದ್ದವು. ಬುಧವಾರ ಸಂಜೆ ಹೆಣ ಮಣ್ಣು ಮಾಡಿ ಬಂದವರಿಗೆ ಗೌಡನ ಕಡೆಯವರು ಮಾಡಿದ ಮರ್ಯಾದೆ ಅದು.

ಗಾಳೆಪ್ಪನ ಹೆಂಡತಿ ಸುಂಕಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ವಿಮಾನ ಕಂಡದ್ದೇ ಎದ್ದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡಳು. ತೊಡೆಯ ಮೇಲೆ ಮಗುಚಿ ಹಾಕಿ, ಕರುವಿನ ಹೊಟ್ಟೆ ಸವರುವಂತೆ ಅದರ ಹೊಟ್ಟೆ ಸವರಿದಳು. ಅಂಗೈ ನೋಡಿಕೊಂಡಳು.

"ಅಣ್ಣಾ, ಇದು ಹಾರಿಲ್ಲ."

"ಹೆಂಗ ಹೇಳ್ತೀಯವ್ವ?"

"ಇದಕ್ಕ ಹಾಕೋದು ಈಥರು, ಸೀಮಿಎಣ್ಣಿ, ಔಡಲೆಣ್ಣಿ. ಔಡಲೆಣ್ಣಿ ಪೂರಾ ಸುಡಂಗಿಲ್ಲ. ಹೊಗಿ ಜೋಡಿ ಹೊರಗ ಬಂದು ಹೊಟ್ಟಿಗೆಲ್ಲ ಬಡೀತೈತಿ. ಒಂದು ಸುತ್ತು ಹಾರಿದ್ರೂ ಬಂಡಿ ಅಚ್ಚಿನಂಗ ಜಿಡ್ಡು, ಜಿಡ್ಡಿಗೆ ಎರಿಮಣ್ಣು. ಪ್ರತಿ ಸಲ ಹಳೇ ಸೀರಿ ತಗಂಡು ಒರಸಾಕಿ ನಾನೇ." ಅವಳು ಅಂಗೈ ಚಾಚಿದಳು. "ನೋಡು. ಸೋಮವಾರ ಒರಸಿ ಇಟ್ಟು ಕುರುಗೋಡಿಗೆ ಅವ್ವನ ಮನಿಗೆ ಹೋದೆ. ಹಂಗೇ ಐತಿ."

ಅಂಗೈ ಒಣಗಿತ್ತು.

"ಇದಕ್ಕ ಪೂಜಿ ಮಾಡಿದ್ರೇನು ನೀವು?"

"ಪೂಜಿ?" ಸುಂಕಮ್ಮನ ಬಾಯಿಂದ ನಗುವಿನಂಥದ್ದೊಂದು ಸಿಡಿಯಿತು. "ಬಳ್ಳಾರಿಯೊಳಗ ಆ ಓದೋ ಸಂಘಕ್ಕ ಹೋಗಾಕ ಹತ್ತಿದ ಮ್ಯಾಲ ಹೊಸ ಸೈಕಲ್ಲಿಗೂ ನಿಂಬಿಹಣ್ಣು ಕಟ್ಟಗೊಡಲಿಲ್ಲ ಪುಣ್ಯಾತ್ಮ. ಬ್ರೇಕ್ ಹಿಡದ್ರ ನಿಂದ್ರತೈತಿ, ನಿಂಬಿಹಣ್ಣಿಗಲ್ಲ ಅಂತಿದ್ದ."

 ಬುಧವಾರ ಹೆಣದ ಪಕ್ಕದಲ್ಲಿ, ವಿಮಾನದ ಮುಂಗಾಲಿಯ ಹತ್ತಿರ, ಒಂದು ಅಪ್ಪಚ್ಚಿಯಾದ ನಿಂಬೆಹಣ್ಣು ಬಿದ್ದದ್ದನ್ನು ಮಾರೆಣ್ಣನೇ ಕಂಡಿದ್ದ. ಹೊಸ ಗಾಡಿ ಅಲ್ಲವೇ ಎಂದು ಬರೆದುಕೊಳ್ಳದೆ ಬಿಟ್ಟಿದ್ದ. ತಾನೂ ಈ ಸೀಮೆಯವನೇ. ಕಣ್ಣಿಗೆ ರೂಢಿಯಾದದ್ದು ಕಣ್ಣಿಗೆ ಕಾಣುವುದಿಲ್ಲ.

ಹೊಸ ಗಾಡಿಗೆ ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಇಡದೆ ಕೀಲಿ ತಿರುವುವ ಡ್ರೈವರು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಬೇಕು. ಗಾಳೆಪ್ಪ ಇಟ್ಟವನಲ್ಲ. ಹಾಗಾದರೆ ಆ ಗದ್ದೆಯಲ್ಲಿ ಒಬ್ಬ ಡ್ರೈವರು ಇದ್ದ. ಸುತ್ತ ಐದು ಹಳ್ಳಿಗೆ ಜೀಪು ಇದ್ದದ್ದು ಒಂದೇ. ಕೊಟ್ಟೂರಪ್ಪ ಗೌಡನದು. ಅದನ್ನು ಓಡಿಸುವವನು ಹಾಲಸಿದ್ದಪ್ಪ.

"ತಂಗಿ, ಕುಂಕುಮ ಇಟ್ಟ ಪಂಖ ತಿರುಗಿದ್ರ ಏನಾಕ್ಕತಿ?"

ಅವಳು ವಿಮಾನವನ್ನು ಪಕ್ಕಕ್ಕಿಟ್ಟು ಎದ್ದಳು. ಒಳಗೆ ಹೋಗಿ ಒಂದು ದಪ್ಪ ಹಲಗೆ, ಇನ್ನೊಂದು ಪಂಖ, ಕೆಮ್ಮಿನ ಔಷಧಿ ಬಾಟಲಿಯಲ್ಲಿದ್ದ ಎಣ್ಣೆ, ಕುಂಕುಮದ ಬಟ್ಟಲು ತಂದು ಕಟ್ಟೆಯ ಮೇಲಿಟ್ಟಳು. ಹೊಸ ಎಂಜಿನ್ನು ಪಳಗಿಸಲು ಗಾಳೆಪ್ಪ ಮಾಡಿಕೊಂಡಿದ್ದ ಹಲಗೆ ಅದು. ಮೂತಿಯಿಂದ ಕುಂಕುಮದ ಪಂಖವನ್ನು ಹುಷಾರಾಗಿ ಬಿಚ್ಚಿ ಮಾರೆಣ್ಣನ ಕರವಸ್ತ್ರದ ಮೇಲಿಟ್ಟಳು. ನಾಲ್ಕು ಸ್ಕ್ರೂ ತೆಗೆದು ಎಂಜಿನ್ನನ್ನು ಹಲಗೆಗೆ ಬಿಗಿದಳು. ಬಾಟಲಿಯ ಎಣ್ಣೆ ತುಂಬಿ ಹೊಸ ಪಂಖ ಹಾಕಿದಳು. ಕೈ ಎಲ್ಲೂ ತಡವರಿಸಲಿಲ್ಲ.

ಮಾರೆಣ್ಣ ಆ ಕೈಗಳನ್ನೇ ನೋಡುತ್ತಿದ್ದ. ಅವಳಿಗೆ ಅದು ತಿಳಿಯಿತು.

"ಇನ್ನೊಂದು ಮಾತೈತಿ ಅಣ್ಣಾ. ಹೇಳಿದ್ರ ನನ್ನನ್ನೇ ಹಗ್ಗಕ್ಕ ಹಾಕ್ತಾರ."

"ಹೇಳು."

"ಪೆಟ್ಟಿಗಿ ಆತನ ಕೈಯಾಗ ಇತ್ತು ಅಂತ ಬರದಾರಲ್ಲ, ಆತ ಹಾರಸ್ತಿರಲಿಲ್ಲ. ಬೆಸಿಗಿ ಹೊಗಿ ಕುಡದು ಕುಡದು ಕಣ್ಣು ಹೋಗಿದ್ವು. ಹತ್ತು ಮಾರಿನ ಮ್ಯಾಲ ಮೂತಿ ಯಾವುದು, ಬಾಲ ಯಾವುದು ತಿಳೀತಿರಲಿಲ್ಲ. ಕುರುಗೋಡು ಗುಡ್ಡದಾಗ ಎರಡು ಸಲ ಬಂಡಿಗಲ್ಲಿಗೆ ಬಡದು ಚೂರು ಮಾಡಿದ. ಮೂರನೇ ಸಲ ಪೆಟ್ಟಿಗಿ ನಾ ಕಸ್ಕಂಡೆ. ಒಂದು ಒತ್ತಿದ್ರ ಬಲಕ್ಕ, ಎರಡು ಒತ್ತಿದ್ರ ಎಡಕ್ಕ. ಅವತ್ತಿಂದ ಕಟ್ಟಾಂವ ಆತ, ಹಾರಸಾಕಿ ನಾನು. ನಾ ಊರಾಗ ಇಲ್ಲದಾಗ ಆತ ಎಂಜಿನ್ನು ಸೈತ ತಿರುವಿದಾಂವಲ್ಲ."

ಮಾರೆಣ್ಣ ಬಾಯಿ ತೆರೆಯುವಷ್ಟರಲ್ಲಿ ಕಾಲುವೆ ಏರಿಯ ಮೇಲೆ ಧೂಳೆದ್ದಿತು. ಜೀಪು.

*

ಕೊಟ್ಟೂರಪ್ಪ ಗೌಡ ಇಳಿದ. ಬಿಳಿ ಧೋತರ, ಬಿಳಿ ಅಂಗಿ, ಕೈಯಲ್ಲಿ ಜೋಡು ನಳಿಗೆ ಬಂದೂಕು. ಹಿಂದೆ ಗಿರಣಿಯ ಇಬ್ಬರು ಆಳುಗಳು. ಹಾಲಸಿದ್ದಪ್ಪ ಸ್ಟೀರಿಂಗು ಹಿಡಿದು ಕೂತಲ್ಲೇ ಕೂತ. ವಿಮಾನದ ಕಡೆ ನೋಡಿದ, ತಟ್ಟನೆ ಮುಖ ತಿರುಗಿಸಿದ.

ಗೌಡನಿಗೂ ಈ ವಿಮಾನಕ್ಕೂ ಇದ್ದ ಲೆಕ್ಕ ಮೂರು ವಾರದ್ದು. ಅವನು ಮಾಳಿಗೆ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದಾಗ ಇದು ಕೇರಿಯಿಂದ ಎದ್ದು ಊರ ಮೇಲೆ ಬಂತು. ಅವನ ನೆತ್ತಿಯ ಮೇಲೇ ಬಂತು. ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಾದ ಮನೆ ಅದು. ಹೆದರಿದ ಗೌಡ ತಲೆ ಬಗ್ಗಿಸಿದ. ರುಮಾಲು ಜಾರಿ ಅಂಗಳಕ್ಕೆ ಬಿತ್ತು. ಎದುರಿನ ಗದ್ದೆಯಲ್ಲಿ ನೆಲ್ಲು ಕೊಯ್ಯುತ್ತಿದ್ದ ನಲವತ್ತು ಹೆಂಗಸರು ಕುಡುಗೋಲು ಬಿಟ್ಟು ನಕ್ಕರು. ಗೌಡ ಬಗ್ಗಿದ ಎಂಬ ಮಾತು ಹಚ್ಚೊಳ್ಳಿ ಸಂತೆಯವರೆಗೂ ಹೋಯಿತು.

"ಏನಲೇ ಮಾರ್ಯಾ, ಒಂದು ಹಲ್ಲು ಹೋಗಿದ್ದು ಸಾಲಲಿಲ್ಲೇನು?"

"ಉಳಿದ ಹಲ್ಲು ಸರಕಾರದ್ದಲ್ರಿ ಗೌಡ್ರೆ, ನನ್ನವೇ. ಬೇಕಾದ್ರ ಆಮ್ಯಾಲ ಎಣಿಸ್ಕೊಳ್ರಿ. ಬುಧವಾರ ಮುಂಜಾನಿ ನಿಮ್ಮ ಜೀಪು ಎಲ್ಲಿತ್ತು?"

"ಗಿರಣ್ಯಾಗ. ಬರಕೊ." ಗೌಡ ಕರವಸ್ತ್ರದ ಮೇಲಿನ ಪಂಖವನ್ನು ಬಂದೂಕಿನ ತುದಿಯಿಂದ ತೋರಿಸಿದ. "ಅವನ ಪಾಪ ಅವನನ್ನೇ ಕೊಯ್ತು. ಪೆಟ್ಟಿಗಿ ಅವನ ಕೈಯಾಗೇ ಇತ್ತು. ಕೇರಿ ನಾಯಿಗೆ ಆಕಾಶ ಯಾಕ ಬೇಕಾಗಿತ್ತು?"

ಸುಂಕಮ್ಮ ಎದ್ದು ನಿಂತಳು.

"ಗೌಡಾ," ಎಂದಳು. ರೀ ಇಲ್ಲ, ಗೌಡ್ರೆ ಇಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಕೇರಿಯೇ ಉಸಿರು ಹಿಡಿಯಿತು. "ನನ್ನ ಗಂಡಗ ಹಾರಸಾಕ ಬರ್ತಿರಲಿಲ್ಲ. ಮಾಳಿಗಿ ಮ್ಯಾಲ ನಿನ್ನ ಬಗ್ಗಿಸಿದಾಕಿ ನಾನು."

ಗೌಡನ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಂದೂಕಿನ ಹಿಡಿ ಬೀಸಿ ಬಂತು. ಸುಂಕಮ್ಮನ ದವಡೆಗೆ ಬಡಿಯಿತು. ಅವಳು ಹಲಗೆಯ ಪಕ್ಕದಲ್ಲೇ ಬಿದ್ದಳು. ಮಾರೆಣ್ಣ ಮುನ್ನುಗ್ಗಿದ, ಒಬ್ಬ ಆಳು ಅವನ ಹೊಟ್ಟೆಗೆ ಮೊಣಕಾಲು ಕೊಟ್ಟ. ಉಸಿರು ಹಾರಿಹೋಗಿ ಅವನು ಮಣ್ಣಿಗೆ ಕುಸಿದ.

"ಕೇಳಿದೇನಲೇ ಮಾರ್ಯಾ? ಹಾರಿಸಿದಾಕಿ ತಾನೇ ಅಂತ ಬೊಗಳಿದ್ಲು. ಅಂದ್ರ ಕೊಂದಾಕೀನೂ ಇವಳೇ. ಬರಕೊ. ಸಾಹೇಬ್ರು ಖುಷ್ ಆಗ್ತಾರ."

ಸುಂಕಮ್ಮ ಬಾಯಿಯ ರಕ್ತ ಉಗುಳಿದಳು. ಮೊಣಕಾಲೂರಿ ಎದ್ದಳು. ಕಟ್ಟೆಯ ಮೇಲಿನ ಬಟ್ಟಲಿಗೆ ಬೆರಳದ್ದಿ, ಹಲಗೆಯ ಮೇಲಿನ ಹೊಸ ಪಂಖದ ನಡುಮಧ್ಯೆ ಒಂದು ಕುಂಕುಮದ ಬೊಟ್ಟು ಇಟ್ಟಳು. ಬುಧವಾರ ತನ್ನ ಹಣೆಯಿಂದ ಒರೆಸಿದ್ದ ಅದೇ ಕುಂಕುಮ. ತೋರುಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿಕೊಂಡು ಪಂಖವನ್ನು ಚಿಮ್ಮಿದಳು. ಒಮ್ಮೆ. ಇನ್ನೊಮ್ಮೆ.

ಮೂರನೆಯದಕ್ಕೆ ಎಂಜಿನ್ನು ಹತ್ತಿತು.

ಅಂಥ ಪುಟ್ಟ ಎಂಜಿನ್ನಿಗೆ ಅಂಥ ಸದ್ದು! ಸಾವಿರ ಕಣಜಗಳು ಒಟ್ಟಿಗೆ ಕೆರಳಿದ ಹಾಗೆ. ಕೇರಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಔಡಲೆಣ್ಣೆಯ ಹನಿ ಗಾಳಿಗೆ ಸಿಡಿದು ಗೌಡನ ಬಿಳಿ ಅಂಗಿಯ ಮೇಲೆ ಹಳದಿ ಚುಕ್ಕೆ ಚೆಲ್ಲಿತು.

"ಬಂದ್ ಮಾಡಲೇ ಅದನ್ನ!" ಗೌಡ ಕಿರುಚಿದ.

ಒಬ್ಬ ಆಳು ಧಾವಿಸಿ ಕೈ ಹಾಕಿದ. ತಿರುಗುವ ಪಂಖ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಬರಿ ಗಾಳಿ ಇದೆ ಅನ್ನಿಸುತ್ತದೆ. ಟಪ್ ಎಂದಿತು. ಅವನು ಕೈ ಎಳೆದುಕೊಂಡು ನೋಡಿದ. ನಡುಬೆರಳು, ಉಂಗುರದ ಬೆರಳು ಎಲುಬು ಕಾಣುವಂತೆ ಸೀಳಿ ಜೋತಾಡುತ್ತಿದ್ದವು. ಆಮೇಲೆ ಚೀರಿದ. ಮುರಿದ ತೇಗದ ಚೂರೊಂದು ಹಾರಿಬಂದು ಅವನದೇ ಕೆನ್ನೆಗೆ ಮುಳ್ಳಿನ ಹಾಗೆ ನೆಟ್ಟಿತು. ಎಂಜಿನ್ನು ಕೆಮ್ಮಿ ನಿಂತಿತು.

ಆಳು ಕೈಯನ್ನು ಎದೆಗೊತ್ತಿಕೊಂಡು ಕುಸಿದ. ಮಣ್ಣಿನ ಮೇಲೆ ರಕ್ತ ತೊಟ್ಟಿಕ್ಕಿತು.

ಮಾರೆಣ್ಣ ತೆವಳಿಕೊಂಡು ಹಲಗೆಯ ಹತ್ತಿರ ಬಂದ. ಪಂಖದ ಮುರಿದ ಮೋಟು ಮಾತ್ರ ಉಳಿದಿತ್ತು. ಎಣ್ಣೆಯಲ್ಲಿ ಮಿಂದಿತ್ತು. ಕುಂಕುಮದ ಗುರುತೂ ಇರಲಿಲ್ಲ. ಅವನು ಒಂದು ಕೈಯಲ್ಲಿ ಆ ಮೋಟನ್ನು, ಇನ್ನೊಂದು ಕೈಯಲ್ಲಿ ಕರವಸ್ತ್ರದ ಪಂಖವನ್ನು ಎತ್ತಿ ಹಿಡಿದ.

"ನೋಡ್ರಿ, ಎಲ್ಲಾರೂ ಬಂದು ನೋಡ್ರಿ. ಎರಡು ಬೆರಳಿಗೇ ಇದು ಮುರೀತು. ಗಾಳೆಪ್ಪನ ಕುತ್ತಿಗಿ ಹಿಂದಿನ ಎಲುಬಿನ ಮಟ ಕೊಯ್ದೈತಿ ಅಂತ ಡಾಕ್ಟರು ಬರದಾರ. ಎಲುಬಿಗೆ ಬಡದ ಪಂಖ ಇದು, ಎಲ್ಲೈತಿ ಗೀರು? ಎಣ್ಣಿ ಎಲ್ಲೈತಿ? ಇಟ್ಟ ಕುಂಕುಮ ಇಟ್ಟಂಗೇ ಐತಿ. ಇದು ತಿರುಗೇ ಇಲ್ಲ ಗೌಡ್ರೆ. ಬ್ಯಾರೆ ಕತ್ತಿಲೆ ಕೊಯ್ದು, ರಕ್ತ ತಂದು ಇದಕ್ಕ ಸವರೀರಿ. ಆದರ ಹಾರೋಕ್ಕಿಂತ ಮದಲ ನಿಮ್ಮ ಕಡಿಯಾಂವ ಒಬ್ಬ ಇದಕ್ಕ ಪೂಜಿ ಮಾಡ್ಯಾನ."

ಜೀಪಿನೊಳಗೆ ಹಾಲಸಿದ್ದಪ್ಪನ ಬಲಗೈ ತನಗೇ ಗೊತ್ತಿಲ್ಲದೆ ಡ್ಯಾಶ್‌ಬೋರ್ಡಿನ ಮೇಲಿನ ಕುಂಕುಮದ ಡಬ್ಬಿಯನ್ನು ಮುಚ್ಚಿತು.

ಅದನ್ನು ಮಾರೆಣ್ಣ ನೋಡಿದ. ಗೌಡನೂ ನೋಡಿದ.

ಬಂದೂಕಿನ ಹಿಡಿ ಮತ್ತೆ ಬೀಸಿತು. ಈ ಸಲ ಹೊಲಿಗೆ ಹಾಕಿದ ಹುಬ್ಬಿಗೇ. ಆರೂ ಹೊಲಿಗೆ ಕಿತ್ತುಬಂದವು. ಮಾರೆಣ್ಣನ ಎಡಗಣ್ಣು ರಕ್ತದಲ್ಲಿ ಮುಳುಗಿತು. ಪಂಖ ಕೈಯಿಂದ ಜಾರಿ ವಿಮಾನದ ಪಕ್ಕಕ್ಕೆ ಬಿತ್ತು.

ಸುಂಕಮ್ಮ ಅದನ್ನು ಬಾಚಿಕೊಂಡಳು. ವಿಮಾನವನ್ನೂ ಎಳೆದುಕೊಂಡು ಮಡಿಲಲ್ಲಿ ಹಾಕಿ, ಬಯಲಿನ ನಡುವೆ ಕಾಲು ಚಾಚಿ ಕೂತುಬಿಟ್ಟಳು.

"ಲೇ ಸಿದ್ದಾ!" ಗೌಡನ ಗಂಟಲು ಹರಿಯಿತು. "ಜೀಪು ಹತ್ತಸು. ಅದರ ಮ್ಯಾಲೂ ಹತ್ತಸು, ತಬ್ಬಿಕೊಂಡು ಕುಂತಾಳಲ್ಲ, ಅವಳ ಮ್ಯಾಲೂ ಹತ್ತಸು. ಒಂದು ಚೂರು ಉಳೀಬಾರದು."

ಜೀಪು ಗುರುಗುಟ್ಟಿತು. ಮುಂದೆ ಬಂತು. ಮಾರೆಣ್ಣ ಏಳಲು ನೋಡಿದ. ಇನ್ನೊಬ್ಬ ಆಳಿನ ಬೂಟು ಅವನ ಬೆನ್ನಿನ ಮೇಲಿತ್ತು. ಮುಂಗಾಲಿ ಸುಂಕಮ್ಮನ ಹಿಮ್ಮಡಿಗೆ ಒಂದು ಗೇಣು ದೂರ ಬಂತು. ಅವಳು ಕಾಲು ಮಡಚಲಿಲ್ಲ. ಒಂದೇ ಕಣ್ಣಿನಿಂದ ಗಾಜಿನ ಹಿಂದಿನ ಮುಖವನ್ನು ನೋಡುತ್ತಿದ್ದಳು.

ಜೀಪು ನಿಂತಿತು. ಎಂಜಿನ್ನಿನ ಸದ್ದು ಆರಿತು.

"ಯಾಕಲೇ? ಏನಾಗೇತಿ ನಿನಗ?"

ಹಾಲಸಿದ್ದಪ್ಪ ಕೆಳಗಿಳಿದ. ಐವತ್ತರ ಆಳು, ಜೀಪಿನ ಬಾನೆಟ್ಟಿಗೆ ಕೈಯೂರಿ ನಿಂತ.

"ಪೂಜಿ ಮಾಡಿದ ಗಾಡಿ ಐತ್ರಿ ಅದು."

"ಏನಂದಿ?"

"ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡದೀನ್ರಿ ದಣೀ. ಪೂಜಿ ಮಾಡಿದ ಗಾಡಿಗೆ ಕಾಲು ಸೈತ ತಾಗಿಸಿದಾಂವಲ್ಲ." ಮಾತು ಒಡ್ಡು ಒಡೆದ ಕಾಲುವೆಯಂತೆ ಹರಿಯಿತು. "ಆತನ್ನ ಕರಕೊಂಡು ಬಾ, ಹಾರಸೋದು ನೋಡ್ತೀನಿ, ರಾಜಿ ಆಗೋಣು ಅಂತ ನೀವೇ ಹೇಳಿದ್ರಿ. ನಿಜ ಅಂತ ತಿಳಕೊಂಡೆ. ಕುಂಕುಮ ಇಟ್ಟೆ. ಗಾಲಿಗೆ ನಿಂಬಿಹಣ್ಣು ಇಟ್ಟು ಒಂದೀಟು ಮುಂದ ನೂಕಿದೆ. ‘ಸಿದ್ದಣ್ಣ, ಹಾರಸಾಕಿ ಊರಾಗಿಲ್ಲ, ಇವತ್ತು ನಿಂದ್ರಸಿ ತೋರಸ್ತೀನಿ ಅಷ್ಟ’ ಅಂತ ನಕ್ಕ ಗಾಳೆಪ್ಪ. ನಗತಿರಬೇಕಾದ್ರ ಹಿಂದಿನಿಂದ ಬಂದು..." ಅವನು ತನ್ನ ಗಂಟಲನ್ನೇ ಹಿಡಿದುಕೊಂಡ.

ಸುಂಕಮ್ಮನ ಬಾಯಿಂದ ಒಂದು ದನಿ ಬಂತು. ಅಳು ಅಲ್ಲ ಅದು.

"ಯಾರು?" ಮಾರೆಣ್ಣ ಮಣ್ಣಿನಿಂದಲೇ ಕೇಳಿದ. "ಸಿದ್ದಣ್ಣ, ಯಾರು ಕೊಯ್ದಾಂವ? ಈ ಗೌಡನೇನು?"

"ಗೌಡ್ರು ನಿಂತು ನೋಡಿದ್ರು. ಕೊಯ್ದ ಕೈ ಬ್ಯಾರೆ." ಹಾಲಸಿದ್ದಪ್ಪ ಮಾರೆಣ್ಣನ ಹೆಗಲನ್ನು, ಹರಿದ ಅಂಗಿಯ ತೋಳನ್ನು ನೋಡಿದ. "ಆ ಕೈಗೂ ಇಂಥದ್ದೇ ತೋಳು ಇತ್ತಣ್ಣಾ. ಖಾಕಿ. ಮೊಣಕೈ ಮಟ ರಕ್ತಾಗಿ ಅಲ್ಲೇ ಬಿಚ್ಚಿ ಒಗದ್ರು ಅಂಗಿ."

ಇಸ್ತ್ರಿಯ ಮಡಿಕೆ ಮುರಿಯದ ಹೊಸ ಅಂಗಿ ಮಾರೆಣ್ಣನ ಕಣ್ಣ ಮುಂದೆ ನಿಂತಿತು. ಐದು ಗಂಟೆಗೆ ರುಜು ಬೇಕು ಎಂದ ದನಿ ಕಿವಿಯಲ್ಲಿ ಕೇಳಿತು.

ಬಂದೂಕಿನ ಕುದುರೆ ಹಿಂದಕ್ಕೆಳೆದ ಸದ್ದು. ಗೌಡನ ಬಂದೂಕಿನ ಎರಡೂ ನಳಿಗೆಗಳು ಹಾಲಸಿದ್ದಪ್ಪನ ಎದೆಗೆ ತಿರುಗಿದ್ದವು.

"ಬಾಯಿ ಮುಚ್ಚು. ಜೀಪು ಹತ್ತು. ಕೀಲಿ ತಿರುವು. ಮೂರು ಎಣಿಸ್ತೀನಿ. ಒಂದು."

ಹಾಲಸಿದ್ದಪ್ಪ ಜೀಪಿನೊಳಗೆ ಕೈ ಚಾಚಿ ಕೀಲಿ ಕಿತ್ತ.

"ಎರಡು."

ಅವನು ಅದನ್ನು ಸುಂಕಮ್ಮನ ಮಡಿಲಲ್ಲಿ, ವಿಮಾನದ ಪಕ್ಕದಲ್ಲಿಟ್ಟ. ಗಾಲಿಗೂ ಅವಳ ಪಾದಕ್ಕೂ ನಡುವಿನ ಆ ಗೇಣು ಜಾಗದಲ್ಲಿ ಹೋಗಿ ನಿಂತ.

"ಒಲ್ಲೆ," ಎಂದ. "ಹತ್ತಸಂಗಿಲ್ಲ ಹೋಗ್ರಿ."